ಸ್ಲ್ಯಾಬ್ ಹಾಕಿದ ದಿನದ ಹಾಡು

ಕೊಂಕಣಿ ಸೀಮೆಯ ಬಂದರಿನೂರಲ್ಲಿ, ಮಾಂಗೋರ್ ಹಿಲ್ ಗುಡ್ಡದ ಮೇಲಿನ ನಮ್ಮ ಮನೆಯ ತಗಡು ತೆಗೆದು ಸ್ಲ್ಯಾಬ್ ಹಾಕಿದ ದಿನ ನಾನು ಒಂದು ಕಡೆ ನಿಂತಿದ್ದೇ ಇಲ್ಲ. ಮೇ ಮುಗಿಯುತ್ತಿತ್ತು. ಬಂದರಿನ ಮೇಲೆ ಬೆಳಿಗ್ಗೆಯೇ ಮೋಡ ಕಟ್ಟಿತ್ತು. ಸ್ಲ್ಯಾಬ್ ಅರ್ಧಕ್ಕೆ ನಿಲ್ಲಬಾರದು. ನಿಂತರೆ ನಡುವೆ ಸಂದು ಉಳಿದು, ಪ್ರತಿ ಮಳೆಗಾಲ ನೀರು ಅಲ್ಲಿಂದಲೇ ಒಳಗಿಳಿಯುತ್ತದೆ. ವಯಸ್ಸೆಲ್ಲ ಆಳುಗಳನ್ನು ದುಡಿಸುವ ಮುಕಾದಮನಾಗಿ ಕಂಡವರ ಮನೆಗೆ ಸ್ಲ್ಯಾಬ್ ಹಾಕಿಸಿದವನು ನಾನು. ಸ್ವಂತ ಮನೆ ಸೋರಿದರೆ ಓಣಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ನಮ್ಮ ಓಣಿಗೆ ಲಾರಿ ಬರುವುದಿಲ್ಲ. ಮಿಕ್ಸರನ್ನು ಕೆಳಗೆ ರಸ್ತೆಯಲ್ಲಿ ನಿಲ್ಲಿಸಿ, ಮೆಟ್ಟಿಲುಗಳ ಉದ್ದಕ್ಕೂ ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಬೇಕು. ನನ್ನ ಕಾಲದಲ್ಲಿ ಆ ಸಾಲು ಹಾಡಿನ ಮೇಲೆ ನಡೆಯುತ್ತಿತ್ತು. ವಿಜಯಪುರದ ಕಡೆಯ ಹೆಂಗಸರು ತಾವೇ ಕಟ್ಟಿದ ಹಾಡು: ತವರಿನ ಬಸ್ಸು ಕಾಯುವವಳು, ಅವಳಿಗೆ ರಜೆ ಕೊಡದ ಮುಕಾದಮ. ಬೈಗುಳ ನನಗೇ. ಆದರೂ ತಡೆಯುತ್ತಿರಲಿಲ್ಲ, ಯಾಕೆಂದರೆ ಪ್ರತಿ ಚರಣದ ಕೊನೆಗೆ ಬುಟ್ಟಿ ಸರಿಯಾಗಿ ಮುಂದಿನವಳ ಕೈ ಸೇರುತ್ತಿತ್ತು. ಮುಂದೆ ಟೇಪ್‌ರೆಕಾರ್ಡರ್ ಬಂತು, ಸಿನಿಮಾ ಹಾಡು ಬಂತು. ಅದರಲ್ಲಿ ಹುಡುಗ ಬಸ್ಸು ಹತ್ತಿ ಪಟ್ಟಣಕ್ಕೆ ಹೊರಡುತ್ತಿದ್ದ, ಹುಡುಗಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ನಮ್ಮ ಹೆಂಗಸರೋ ಆಗಲೇ ಗಂಡಂದಿರ ಜೊತೆ ಅದೇ ಬಸ್ಸಿನಲ್ಲಿ ಬಂದು ಇಲ್ಲಿ ಇಳಿದಿದ್ದರು. ಆ ಹಾಡಿಗೆ ಕೈಗಳು ಕೂಡಿ ನಡೆಯುತ್ತಿರಲಿಲ್ಲ; ಸ್ಲ್ಯಾಬಿನ ದಿನ ಟೇಪ್ ಬಂದ್ ಎಂದು ನಿಯಮ ಮಾಡಿದ್ದೆ.

ಈ ಸಲ ಸಾಲಿನಲ್ಲಿ ಅರ್ಧ ನಮ್ಮ ವಿಜಯಪುರದ ಕಡೆಯವರು, ಅರ್ಧ ಒಡಿಶಾದವರು. ಎಲ್ಲರ ಕಿವಿಯಲ್ಲೂ ಮೊಬೈಲಿನ ವಯರು, ಒಬ್ಬೊಬ್ಬರಿಗೆ ಒಂದೊಂದು ಹಾಡು. ಒಬ್ಬ ಬೇಗ ಕೊಡುತ್ತಾನೆ, ಮುಂದಿನವನ ಕೈ ಇನ್ನೂ ಮೇಲೆದ್ದಿರುವುದಿಲ್ಲ. ಬುಟ್ಟಿ ಮೆಟ್ಟಿಲ ಮೇಲೆ ಬಿತ್ತು, ಮತ್ತೆ ಬಿತ್ತು. ನಾನು ಹತ್ತಿ ಇಳಿದು ಕೂಗಿದೆ. ಯಾರಿಗೂ ಕೇಳಿಸಲಿಲ್ಲ.

ಸಾಲಿನ ನಡುವೆ ನಮ್ಮವಳೊಬ್ಬಳಿದ್ದಳು. ಅವಳ ತಾಯಿ ಹಿಂದೆ ನನ್ನ ಸಾಲಿನಲ್ಲಿ ಹಾಡು ಎತ್ತಿಕೊಡುತ್ತಿದ್ದವಳು. ಅವ್ವನ ಹಾಡು ಶುರು ಮಾಡು ಎಂದು ಅವಳಿಗೆ ಹೇಳಿದೆ. ಅವಳು ವಯರು ತೆಗೆದಳು.

"ಅಜ್ಜಾ, ತವರಿಗೆ ಹೋಗಾಕ ನಮ್ಮವ್ವ ಬಸ್ ಕಾಯ್ತಿದ್ಲು. ನನ್ನ ತವರು ಕೆಳಗಿನ ಓಣ್ಯಾಗ ಐತಿ. ಮಧ್ಯಾಹ್ನ ಅಲ್ಲೇ ಉಂಡು ಬಂದೇನಿ. ಇನ್ನ ಯಾಕಂತ ಅಳ್ಲಿ?"

"ಮುಕಾದಮಗ ಬೈಯೂದರ ಹಾಡವಾ, ಅದು ಈಗೂ ನಡಿತೈತಿ," ಎಂದಳು ಹಿಂದಿನವಳು. ಸಾಲೆಲ್ಲ ನಕ್ಕಿತು.

ದಾಬೋಲಿಮ್ ವಿಮಾನ ನಿಲ್ದಾಣದ ಕಡೆಯ ಆಕಾಶ ಕಪ್ಪಾಗಿತ್ತು. ಏನಾದರೂ ಹಚ್ಚು, ಎಲ್ಲರಿಗೂ ಒಂದೇ ಇರಲಿ ಎಂದೆ. ಅವಳು ಸ್ಪೀಕರಿಗಾಗಿ ತವರಿಗೆ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ತಾಯಿಯೇ ಸ್ಪೀಕರ್ ಹಿಡಿದು ಮೆಟ್ಟಿಲು ಹತ್ತಿ ಬಂದಳು.

ಮಗಳು ಹಚ್ಚಿದ ಹಾಡಿನಲ್ಲಿ ಹುಡುಗಿ ಸ್ವಂತ ಸ್ಕೂಟಿ ಕೊಂಡಿದ್ದಾಳೆ; ಬೇಕಾದರೆ ಹಿಂದೆ ಕೂತು ಬಾ ಎಂದು ಹುಡುಗನಿಗೆ ಹೇಳುತ್ತಾಳೆ, ಅರ್ಧ ಕನ್ನಡದಲ್ಲಿ, ಅರ್ಧ ಕೊಂಕಣಿಯಲ್ಲಿ. ಒಡಿಶಾದ ಹುಡುಗರೂ ಅದನ್ನು ಮೊಬೈಲಿನಲ್ಲಿ ಕೇಳಿದ್ದರು. ಒಂದೊಂದೇ ವಯರು ಕಿವಿಯಿಂದ ಇಳಿಯಿತು. ಆದರೆ ಹಾಡಿನ ಓಟ ಹೆಚ್ಚು, ಕಾಂಕ್ರೀಟ್ ತುಳುಕುತ್ತಿತ್ತು. ತಾಯಿ ಸ್ಪೀಕರನ್ನು ಮೆಟ್ಟಿಲ ಮೇಲಿಟ್ಟು, ಒಂದು ಪೆಟ್ಟು ಬಿಟ್ಟು ಒಂದಕ್ಕೆ ಚಪ್ಪಾಳೆ ತಟ್ಟತೊಡಗಿದಳು. ಹಾಡು ತನ್ನ ಪಾಡಿಗೆ ಓಡಿತು, ಬುಟ್ಟಿಗಳು ಅವಳ ಚಪ್ಪಾಳೆಗೆ ನಡೆದವು. ಹಾಡು ಮುಗಿದಾಗ ಸಾಲು ಒಂದು ಕ್ಷಣ ತಡೆಯಿತು.

"ಅದನ್ನ ಮತ್ತ ಹಚ್ಚವಾ," ಎಂದೆ.

ಕೊನೆಯ ಬುಟ್ಟಿ ಮೇಲೆ ಹೋಗಿ, ಪ್ಲಾಸ್ಟಿಕ್ ಹಾಸುವಷ್ಟರಲ್ಲಿ ಹನಿ ಬಿತ್ತು. ಸ್ಲ್ಯಾಬಿನಲ್ಲಿ ಸಂದಿಲ್ಲ. ಈ ಮಳೆಗಾಲದಲ್ಲಿ ಇನ್ನೂ ಸೋರಿಲ್ಲ. ಆದರೂ ಮಳೆ ಜೋರಾದಾಗ ಎದ್ದು ಹೋಗಿ ಕೋಲಿನ ತುದಿಗೆ ಬಟ್ಟೆ ಕಟ್ಟಿ, ಸ್ಲ್ಯಾಬಿನ ಕೆಳಮೈ ಒರೆಸಿ, ಬಟ್ಟೆ ಒದ್ದೆಯಾಯಿತೇ ಎಂದು ನೋಡುತ್ತೇನೆ. ಕೆಳಗಿನ ಓಣಿಯಲ್ಲಿ ಆ ಸ್ಕೂಟಿಯ ಹಾಡು ಹತ್ತಿದರೆ, ಚಪ್ಪಾಳೆ ಬೀಳಬೇಕಾದ ಜಾಗಕ್ಕೆ ಕೋಲು ತಾನಾಗಿ ನೆಲ ಕುಟ್ಟುತ್ತದೆ.