ನಾನು ‘ಸರಿ’ ಎಂದ ಜಪಾನಿ ಪದಗಳು

ನನ್ನ ತಂಗಿಗೆ ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುವ ಆಸೆ. ಅದಕ್ಕೆ ಭಾಷೆಯ ಪರೀಕ್ಷೆ ಪಾಸಾಗಬೇಕು. ಅವಳು ಬೆಂಗಳೂರಿಗೆ ಜಪಾನಿ ಕ್ಲಾಸಿಗೆ ಹೋಗುತ್ತಿದ್ದಳು, ನಾನು ಅಲ್ಲೇ ಒಂದು ಆಫೀಸಿನಲ್ಲಿ ನೆಲ ಒರೆಸಲು. ಬೆಳಿಗ್ಗೆ ಇಬ್ಬರೂ ನಮ್ಮ ಗಣಿ ಊರಿನ ಕೋರಮಂಡಲ್ ಸ್ಟೇಷನ್ನಿನಲ್ಲಿ ಒಂದೇ ರೈಲು ಹತ್ತುತ್ತಿದ್ದೆವು. ಬಂಗಾರಪೇಟೆಯಲ್ಲಿ ಜನ ನುಗ್ಗುವವರೆಗೆ ನೆಮ್ಮದಿಯಾಗಿ ಕೂತು ಓದಬಹುದಿತ್ತು.

ಜಪಾನಿನವರು ಇಂಗ್ಲಿಷಿನಿಂದ ತೆಗೆದುಕೊಂಡ ಪದಗಳೇ ಅವಳಿಗೆ ಕಷ್ಟ. ಪದ ನಮಗೆ ಗೊತ್ತಿರುವುದೇ, ಅರ್ಥ ಮಾತ್ರ ಅಲ್ಲಿ ಬೇರೆ. ಬರೆಯುವಾಗ ಸರಿಯಾಗಿ ಬರೆದರೂ ಬಾಯಿಗೆ ಹಳೆಯ ಅರ್ಥವೇ ಬಂದುಬಿಡುತ್ತಿತ್ತು. ಅದನ್ನು ಹಿಡಿಯಲೆಂದೇ ನನ್ನನ್ನು ಕೂರಿಸಿಕೊಂಡಿದ್ದಳು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗಾಗಿ ಪದ, ಅರ್ಥ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದ ದಪ್ಪ ಅಕ್ಷರಗಳಲ್ಲಿ ಬರೆದಿದ್ದಳು.

“ನಾನ್ ಅರ್ಥ ಏಳ್ತೀನಿ, ನೀನು ನೋಡ್ಕೊಂಡು ಸರೀನಾ ತಪ್ಪಾ ಅನ್ನಕ್ಕ. ಮಾನ್‌ಶೊನ್ ಅಂದ್ರೆ ದೊಡ್ಡ ಬಂಗ್ಲೆ, ಊರಿಗಾಂನಾಗೆ ಗಣಿ ದೊರೆಗಳ್ದು ಐತಲ್ಲ, ಅಂಗೆ.”

“ಸರಿ.”

“ಸುತೋಬು ಅಂದ್ರೆ ಅಡಿಗೆ ಒಲೆ.”

“ಸರಿ, ಮುಂದಿಂದು.”

ನಾನು ಒಂದು ಸಾಲು ಓದುವಷ್ಟರಲ್ಲಿ ಅವಳು ಐದು ಪದ ದಾಟಿರುತ್ತಿದ್ದಳು. ನಿಧಾನವಾಗಿ ಹೇಳು ಎನ್ನಲು ನಾಚಿಕೆ. ಜೊತೆಯಲ್ಲಿ ಬರುವ ಹೆಂಗಸರು ಆಗಲೇ ನನಗೆ ಹೆಸರಿಟ್ಟಿದ್ದರು. “ಏನ್ ಟೀಚರಮ್ಮ, ಇವತ್ತು ಬೆತ್ತ ತಂದಿಲ್ವಾ?” ಎನ್ನುತ್ತಿದ್ದರು. ನೆಲ ಒರೆಸುವವಳಿಗೆ ಆ ಹೆಸರು ಬಹಳ ಹಿಡಿಸಿತ್ತು. ಸುಮ್ಮನೆ ಹಾಳೆ ತಿರುವುತ್ತಿದ್ದೆ.

ತಂಗಿ ಫೇಲಾದಳು.

“ಮಿಕ್ಕಿದ್ದೆಲ್ಲಾ ಬಂತಕ್ಕ, ಆ ಇಂಗ್ಲಿಷ್ ಪದಗಳಲ್ಲೇ ಓಯ್ತು. ನಿನ್ ಮುಂದೆ ಎಲ್ಲಾ ಸರಿಯಾಗೇ ಏಳಿದ್ನಲ್ಲ. ಅಲ್ಲಿ ಕೂತಾಗ ಗಾಬ್ರೀಲಿ ಮರ್ತೆ ಅನ್ಸುತ್ತೆ” ಎಂದು ತನ್ನನ್ನೇ ಬೈದುಕೊಂಡಳು. ನಾನು ಅವಳ ತಟ್ಟೆಗೆ ಸಾರು ಬಡಿಸಿದೆ.

ಭಾನುವಾರ ಒಬ್ಬಳೇ ಕೂತು ಆ ನೋಟ್‌ಬುಕ್ಕನ್ನು ಅಕ್ಷರ ಕೂಡಿಸಿ ಓದಿದೆ. ಮಾನ್‌ಶೊನ್ ಎಂದರೆ ಇಂಗ್ಲಿಷಿನ ಮ್ಯಾನ್ಷನ್ ಅಲ್ಲ, ಅಪಾರ್ಟ್‌ಮೆಂಟ್ ಮನೆ. ಸುತೋಬು ಎಂದರೆ ನಮ್ಮ ಸ್ಟೌ ಅಲ್ಲ, ಚಳಿಗೆ ಕೋಣೆ ಬೆಚ್ಚಗಿಡುವ ಹೀಟರು. ಪುಟ ತಿರುವಿದಂತೆಲ್ಲ ನಾನು ಸರಿ ಎಂದಿದ್ದ ತಪ್ಪುಗಳು ಸಿಕ್ಕುತ್ತಲೇ ಹೋದವು.

ಅವಳು ಮತ್ತೆ ಪರೀಕ್ಷೆಗೆ ಕಟ್ಟಿದಳು. ರೈಲಿನಲ್ಲಿ ನೋಟ್‌ಬುಕ್ ತಂದು ನನ್ನ ಮಡಿಲಲ್ಲಿಟ್ಟಾಗ ಇನ್ನು ತಡೆಯಲಾಗಲಿಲ್ಲ.

“ಆವಾಗ ನಾನು ಓದ್ಲೇ ಇಲ್ಲ ಕಣೇ. ಸುಮ್ನೆ ಸರಿ ಸರಿ ಅಂದೆ.”

“ಒಂದ್ ಪದಾನೂ ನೋಡ್ಲಿಲ್ವಾ?”

“ಇಲ್ಲ.”

ಅವಳು ನನ್ನ ಮುಖ ನೋಡಿದಳು. ನೋಟ್‌ಬುಕ್ ತೆಗೆದುಕೊಂಡು ಎದುರು ಸೀಟಿನ ಕಾಲೇಜು ಹುಡುಗಿಗೆ ಕೊಟ್ಟು, “ಸ್ವಲ್ಪ ನೋಡ್ಕೊಂತೀರಾ?” ಎಂದು ಕೇಳಿ, ಪದಗಳನ್ನು ಹೇಳತೊಡಗಿದಳು.

ಎರಡನೆಯ ಪದಕ್ಕೇ ಆ ಹುಡುಗಿ ತಲೆಯೆತ್ತಿ, “ತಪ್ಪು” ಅಂದಳು.