ನೀರು ಬಿಡದ ಹತ್ತಿ

ಮುಸರ್ರತ್‌ಳನ್ನು ಒಂದು ಕಡೆ ಕೂರಿಸುವುದು ನಮ್ಮ ಒಂಬತ್ತನೇ ಕ್ಲಾಸಿನಲ್ಲಿ ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಪಾಠ ನಡೆಯುವಾಗ ಕಾಲು ಆಡಿಸುತ್ತಾ ಇಡೀ ಬೆಂಚನ್ನೇ ಅಲುಗಿಸುತ್ತಿದ್ದಳು. ಪಕ್ಕದಲ್ಲಿ ಕೂರುತ್ತಿದ್ದ ನನ್ನ ಅಕ್ಷರ ಕೆಟ್ಟದ್ದಕ್ಕೆ ಅವಳೇ ಕಾರಣ ಎಂದು ಇವತ್ತಿಗೂ ಹೇಳುತ್ತೇನೆ. ಇಂಥವಳನ್ನು ಹಾಸಿಗೆ ಹೊಲಿಯಲು ಕೂರಿಸುತ್ತೇನೆಂದು ಅವಳಪ್ಪ ಹೊರಟಿದ್ದು ೧೯೭೯ರ ಮಳೆಗಾಲದಲ್ಲಿ.

ಅವಳಪ್ಪ ಗುಲಾಮ್ ರಸೂಲ್ ಯಲಹಂಕದ ಹಳೇ ಪೇಟೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಮಾಡುತ್ತಿದ್ದರು. ಉದ್ದನೆಯ ಬಿಲ್ಲಿನ ತಂತಿಯನ್ನು ಮೀಟಿ ಮೀಟಿ ಗಂಟುಗಟ್ಟಿದ ಹತ್ತಿಯನ್ನು ಹೂವಿನಂತೆ ಬಿಡಿಸುತ್ತಿದ್ದರು. ಅದನ್ನು ತುಂಬಿದ ಮೇಲೆ ದಬ್ಬಳ ಹಿಡಿದು ಹೊಲಿಯುವ ಕೆಲಸ ಹೆಂಡತಿ ಜೈಬುನ್ನೀಸಾ ಅವರದು. ಆ ವರ್ಷ ಆಕೆಯ ಕಣ್ಣಿಗೆ ಪೊರೆ ಬಂದು ದಾರ ಪೋಣಿಸುವುದೇ ಕಷ್ಟವಾಯಿತು. ದಸರಾ ರಜೆ ಮುಗಿದ ಮೇಲೆ ಮುಸರ್ರತ್ ಸ್ಕೂಲಿಗೆ ಬರುವುದಿಲ್ಲ, ಅಮ್ಮನ ಜಾಗದಲ್ಲಿ ಕೂರುತ್ತಾಳೆ ಎಂದು ಗುಲಾಮ್ ರಸೂಲ್ ತೀರ್ಮಾನ ಮಾಡಿಬಿಟ್ಟರು. ಅವರು ಕೆಟ್ಟ ಮನುಷ್ಯರೇನಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು.

ನಮ್ಮ ಸೈನ್ಸ್ ಟೀಚರ್ ಅಕ್ಕಯ್ಯಮ್ಮ ಮಿಸ್ ಒಂದು ಸಂಜೆ ನನ್ನನ್ನೂ ಕರೆದುಕೊಂಡು ಅವರ ಅಂಗಡಿಗೇ ಹೋದರು.

“ಹುಡುಗಿ ಸೈನ್ಸಲ್ಲಿ ಚುರುಕಾಗಿದಾಳೆ ಸಾಹೇಬ್ರೇ. ಬಿಡಿಸ್ಬೇಡಿ,” ಎಂದರು ಮಿಸ್.

“ಚುರುಕು ನಂಗೂ ಕಾಣ್ತದೆ ಮೇಡಂ. ನಿಂತಲ್ಲಿ ನಿಲ್ಲಲ್ಲ. ಅದ್ರಿಂದ ನಾಲ್ಕು ಜನಕ್ಕೆ ಏನ್ ಉಪಯೋಗ, ಅದು ಹೇಳಿ.”

“ಮುಂದಿನ ಶನಿವಾರ ಸ್ಕೂಲಲ್ಲಿ ಎಗ್ಸಿಬಿಷನ್ ಇದೆ. ನಿಮ್ಮ ಮಗಳು ನೀರು ಸೋಸೋ ಫಿಲ್ಟರ್ ಮಾಡ್ತಾಳೆ. ಬಂದು ನೋಡಿ, ಆಮೇಲೆ ಹೇಳಿ.”

ಗುಲಾಮ್ ರಸೂಲ್ ಬಿಲ್ಲನ್ನು ಕೆಳಗಿಟ್ಟರು. “ಬರ್ತೀನಿ. ಕೆಲಸಕ್ಕೆ ಬರೋ ವಸ್ತು ಆದ್ರೆ ಓದ್ಲಿ. ಇಲ್ಲಾಂದ್ರೆ ದಬ್ಬಳ ಹಿಡೀಲಿ.”

ಮಳೆ ಬಿದ್ದರೆ ನಮ್ಮ ಬೀದಿಯ ಬಾವಿ ನೀರು ಕೆಂಪಗಾಗುತ್ತಿತ್ತು, ಬಟ್ಟೆಯಲ್ಲಿ ಎಷ್ಟು ಸೋಸಿದರೂ ಕೆಂಪೇ. ಮುಸರ್ರತ್ ಹಿಡಿದದ್ದು ಅದನ್ನೇ. ಒಂದರ ಮೇಲೊಂದು ಮೂರು ಮಡಕೆ. ಮೇಲಿನದರಲ್ಲಿ ಮರಳು, ನಡುವಿನದರಲ್ಲಿ ಇದ್ದಿಲು, ಕೆಳಗಿನದು ನೀರು ಹಿಡಿಯುವುದಕ್ಕೆ. ಮೇಲಿನ ಎರಡಕ್ಕೂ ತಳದಲ್ಲಿ ತೂತು, ತೂತಿಗೆ ಹತ್ತಿ. ಮೆಡಿಕಲ್ ಶಾಪಿನಿಂದ ಹತ್ತಿ ತರಬೇಕೆಂದು ಮಿಸ್ ಹೇಳಿದ್ದನ್ನು ಅವಳು ಮನೆಯಲ್ಲಿ ಬಾಯಿ ತಪ್ಪಿ ಹೇಳಿದಳು. ಗುಲಾಮ್ ರಸೂಲ್‌ಗೆ ರೇಗಿಹೋಯಿತಂತೆ. ಹತ್ತಿಯ ಮನೆಯವಳು ಹತ್ತಿ ಕೊಂಡುಕೊಳ್ಳುವುದೇ ಎಂದು, ಅಂಗಡಿಯಲ್ಲಿದ್ದ ಅತಿ ಬಿಳಿಯ ಹೊಸ ಹತ್ತಿಯನ್ನು ಆರಿಸಿ, ಬೇರೆ ಕೆಲಸ ಬಿಟ್ಟು ಹಿಂಜಿ ಒಂದು ಚೀಲ ತುಂಬಾ ಕೊಟ್ಟರು.

ಮಡಕೆ ಜೋಡಿಸಿ ನೀರು ಹೊಯ್ದೆವು. ಒಂದು ಹನಿಯೂ ಇಳಿಯಲಿಲ್ಲ. ಮರಳು ಸಣ್ಣದಾಯಿತೇನೋ ಎಂದು ಜರಡಿ ಹಿಡಿದೆವು. ಇದ್ದಿಲು ಪುಡಿಯಾಯಿತೇನೋ ಎಂದು ತೊಳೆದೆವು. ನೀರು ಮೇಲೆಯೇ ನಿಂತಿತು. ಮುಸರ್ರತ್ ಒಂದು ಕ್ಷಣ ಮಡಕೆಯ ಕೆಳಗೆ ಬಗ್ಗಿ ನೋಡುವಳು, ಮರುಕ್ಷಣ ವರಾಂಡದ ಆ ತುದಿಗೆ ಹೋಗಿ ಬರುವಳು. ಕೊನೆಗೆ ತೂತು ದೊಡ್ಡದು ಮಾಡುತ್ತೇನೆಂದು ಮೊಳೆ ಹೊಡೆದು ಮಡಕೆಯನ್ನೇ ಸೀಳಿಬಿಟ್ಟಳು. ಕುಂಬಾರರ ಮನೆಗೆ ಇನ್ನೊಂದಕ್ಕೆ ಓಡಿದವಳು ನಾನು. ಎಗ್ಸಿಬಿಷನ್‌ಗೆ ಎರಡೇ ದಿನ ಉಳಿದಿತ್ತು.

ಮಿಸ್ ಬಂದು ನೋಡಿ, ಆ ಹತ್ತಿಯ ಒಂದು ಉಂಡೆಯನ್ನು ಬಕೆಟ್ಟಿಗೆ ಹಾಕಿದರು. ತೇಲಿತು. ತೆಗೆದು ಬಿಡಿಸಿದರೆ ಒಳಗೆಲ್ಲ ಒಣ ಹತ್ತಿ.

“ಗಿಡದ ಹತ್ತೀಲಿ ಮೇಣದ ಥರ ಜಿಡ್ಡಿರುತ್ತೆ ಕಣೇ. ನೀರು ಹಿಡಿಯಲ್ಲ. ಆಸ್ಪತ್ರೆ ಹತ್ತೀನ ಬೇಯಿಸಿ ಆ ಜಿಡ್ಡು ತೆಗೆದಿರ್ತಾರೆ. ಅದನ್ನೇ ತಗೊಂಡ್ಬಾ.”

ಮಿಸ್ ಹೋದ ಮೇಲೆ ನಾನು, “ತಂದ್ಬಿಡೋಣ ಕಣೇ. ಅದೂ ಬಿಳೀದೇ ಅಲ್ವಾ, ಯಾರಿಗ್ ಗೊತ್ತಾಗುತ್ತೆ?” ಎಂದೆ.

“ಅಬ್ಬಾಗೆ ಬೆರಳು ತಾಗಿದ್ರೆ ಸಾಕು, ಯಾವ ಊರಿನ ಹತ್ತಿ ಅಂತಾನೂ ಹೇಳ್ತಾರೆ,” ಎಂದಳು. ಸ್ವಲ್ಪ ಹೊತ್ತು ಉಗುರು ಕಚ್ಚುತ್ತಾ ಅತ್ತಿಂದಿತ್ತ ನಡೆದಳು. “ಆಸ್ಪತ್ರೆಯವರು ಬೇಯಿಸ್ತಾರೆ ಅಂದ್ರೆ ನಾವೂ ಬೇಯಿಸೋಣ.”

ಬೇಯಿಸಿದ್ದು ನಮ್ಮ ಮನೆಯಲ್ಲಿ. ನಮ್ಮಮ್ಮ ಮುನಿಯಲ್ಲಮ್ಮ ಬಟ್ಟೆ ಕುದಿಸುವ ಹಂಡೆಗೆ ವಾಷಿಂಗ್ ಸೋಡಾ ಹಾಕಿಕೊಟ್ಟು, “ಅತ್ತಿ ಬೇಯ್ಸೋದು ಇದೇ ಮೊದ್ಲು ನೋಡ್ತಿರೋದು. ಇಂಗಾದ್ರೆ ನಾಳೆ ದಿಂಬಿಗೆ ಒಗ್ಗರಣೆ ಆಕ್ತೀರ,” ಎಂದು ನಕ್ಕಳು. ಮುಸರ್ರತ್ ನಗಲಿಲ್ಲ. ಹೂವಿನಂತಿದ್ದ ಹತ್ತಿ ಕುದಿದು, ಹಿಂಡಿದಾಗ ಒರೆಸುವ ಬಟ್ಟೆಯ ಹಾಗೆ ಚಪ್ಪಟೆಯಾಯಿತು. ಅಪ್ಪನ ಇಡೀ ದಿನದ ಕೆಲಸವನ್ನು ಹಾಳು ಮಾಡಿದೆನೆಂದು ಅವಳು ಅಲ್ಲೇ ಒಲೆಯ ಮುಂದೆ ಅತ್ತಳು. ಆದರೆ ಆ ಮುದ್ದೆಯನ್ನು ನೀರಿಗೆ ಹಾಕಿದರೆ ತಕ್ಷಣ ಮುಳುಗಿತು.

ಶನಿವಾರ ಬೆಳಗ್ಗೆಯಿಂದ ಫಿಲ್ಟರಿನಿಂದ ನೀರು ತೊಟ್ಟಿಕ್ಕುತ್ತಿತ್ತು, ನಾವು ಬಾಗಿಲು ನೋಡುತ್ತಿದ್ದೆವು. ಕೊನೆಗೂ ಗುಲಾಮ್ ರಸೂಲ್ ಬಂದರು. ಇಸ್ತ್ರಿ ಮಾಡಿದ ಜುಬ್ಬಾ ಹಾಕಿದ್ದರು, ಹುಬ್ಬಿನಲ್ಲಿ ಮಾತ್ರ ಹತ್ತಿಯ ಎಳೆ ಉಳಿದಿತ್ತು. ಮುಸರ್ರತ್ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು, ಸೋಸಿದ ಮೇಲೂ ಕಾಯಿಸಿಯೇ ಕುಡಿಯಬೇಕು ಎಂಬುದನ್ನೂ ಬಿಡಲಿಲ್ಲ. ಅವರು ತಿಳಿಯಾದ ನೀರನ್ನು ನೋಡಲೇ ಇಲ್ಲ. ಮಡಕೆಯ ತಳದಿಂದ ಇಣುಕುತ್ತಿದ್ದ ಹತ್ತಿಯನ್ನು ಬೆರಳಲ್ಲಿ ಮುಟ್ಟಿದರು.

“ಇದು ನಾನ್ ಕೊಟ್ಟಿದ್ದಲ್ಲ.” ಮನೆಯಲ್ಲಿ ಉರ್ದು ಆಡುವವರು, ಎಲ್ಲರ ಮುಂದೆ ಕನ್ನಡದಲ್ಲೇ ಕೇಳಿದರು. “ಯಾವ ಅಂಗಡೀದು?”

“ನಿಮ್ಮದೇ ಅಬ್ಬಾ. ಸೋಡಾದಲ್ಲಿ ಬೇಯಿಸ್ದೆ. ನೀವು ಕೊಟ್ಟ ಹಾಗೇ ಇಟ್ಟಿದ್ರೆ ನೀರು ಬಿಡ್ತಿರಲಿಲ್ಲ.”

ಉಳಿದಿದ್ದ ಹಿಂಜಿದ ಹತ್ತಿಯನ್ನು ಅವಳು ಲೋಟದ ನೀರಿಗೆ ಹಾಕಿ ತೆಗೆದು, ಬಿಡಿಸಿ ಒದ್ದೆಯಾಗದ ಒಳಭಾಗ ತೋರಿಸಿದಳು. ಅವರು ಅದನ್ನು ತೆಗೆದುಕೊಂಡು ಎಳೆ ಎಳೆಯಾಗಿ ಬಿಡಿಸಿ ನೋಡಿದರು.

“ಗಾದಿ ಮೇಲೆ ನೀರು ಚೆಲ್ಲಿದ್ರೂ ಒಳಗೆ ಇಳಿಯಲ್ಲ, ನನ್ನ ಕೈ ಅಂಥಾದ್ದು ಅಂತ ಗಿರಾಕಿಗಳಿಗೆ ಹೇಳ್ತಿದ್ದೆ,” ಎಂದರು. “ಹಂಗಾದ್ರೆ ಎಲ್ಲಾ ಹತ್ತೀನೂ ಹಿಂಗೇನಾ?”

“ಎಲ್ಲಾನೂ ಹಿಂಗೇ ಅಬ್ಬಾ.”

ಅವರು ಆ ಹತ್ತಿಯನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಮಿಸ್ ಹಿಂದೆ ಹೋಗಿ ಕರೆದರೂ ತಿರುಗಲಿಲ್ಲ. ನಿಮ್ಮ ಕೈಯ ಹತ್ತಿ ಮಾತ್ರ ಹೀಗೆ ಎಂದು ಒಂದು ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ನನಗೆ ಮುಸರ್ರತ್ ಮೇಲೆ ಸಿಟ್ಟು ಬಂತು.

ಮಾರನೆಯ ದಿನವೇ ನನ್ನನ್ನು ರಜೆಗೆಂದು ಹತ್ತಿರದ ಸಿಂಗಾಪುರವೆಂಬ ಹಳ್ಳಿಗೆ, ಅಜ್ಜಿಯ ಮನೆಗೆ ಕಳಿಸಿದರು. ಅಲ್ಲಿ ನನಗೆ ಯಾವುದೂ ಹಿಡಿಸಲಿಲ್ಲ. ಹೋಳಿಗೆ ಬಡಿಸಿದರೆ ಅವಳ ಯೋಚನೆ, ಮಲಗಲು ಹೋದರೆ ಹಾಸಿಗೆಯ ಹೊಲಿಗೆ ಕಂಡು ಮತ್ತೆ ಅವಳದೇ ಯೋಚನೆ.

ಸ್ಕೂಲು ತೆರೆದ ದಿನ ನಮ್ಮ ಮಾಮೂಲಿ ತಿರುವಿನಲ್ಲಿ ಕಾದೆ. ಪ್ರತಿದಿನ ಅವಳೇ ಮೊದಲು ಬಂದು ನನ್ನನ್ನು ಬೈಯುತ್ತಿದ್ದವಳು, ಅವತ್ತು ಬರಲಿಲ್ಲ. ಗಂಟೆ ಹೊಡೆದದ್ದು ಕೇಳಿಸಿತು. ಆಗಲೂ ಬರಲಿಲ್ಲ. ನಾನು ಚೀಲ ಅವುಚಿಕೊಂಡು ಅಂಗಡಿಯ ಕಡೆ ಓಡಿದೆ. ಗುಲಾಮ್ ರಸೂಲ್‌ಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ, ಅದರಲ್ಲಿ ಒಂದೆರಡು ದೊಡ್ಡವರಿಗೆ ಹೇಳುವ ಮಾತಲ್ಲ.

ಬಿಲ್ಲು ಗೋಡೆಗೆ ಒರಗಿತ್ತು. ಜೈಬುನ್ನೀಸಾ ಹಾಸಿಗೆಯ ಅಂಚನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದರು. ಗುಲಾಮ್ ರಸೂಲ್ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ದಬ್ಬಳದಲ್ಲಿ ಹೊಲಿಯುತ್ತಿದ್ದರು. ಹೊಲಿಗೆ ಸೊಟ್ಟಗಿತ್ತು.

“ಮುಸರ್ರತ್ ಎಲ್ಲಿ ಚಾಚಾ?” ಎನ್ನುವಷ್ಟರಲ್ಲಿ ನನಗೆ ಅಳು ಬಂದಿತ್ತು.

ಅವರು ತಲೆಯೆತ್ತಿ ನನ್ನ ಚೀಲ ನೋಡಿದರು, ಕಣ್ಣು ನೋಡಿದರು.

“ಬೆಳಕು ಹರಿಯೋಕ್ ಮುಂಚೇನೇ ಸ್ಕೂಲಿಗೆ ಓಡಿದ್ಲು, ನಾನೆಲ್ಲಿ ಮನಸ್ಸು ಬದಲಾಯಿಸ್ತೀನೋ ಅಂತ. ನೀನ್ಯಾಕೆ ಹೋಗಿಲ್ಲ?”