ಗುಯ್ ಎನ್ನುವ ಕಾರು

ಯಾವ ಕಾರು ಕೆಟ್ಟು ಬಂದರೂ ಅವನು ಹೇಳುತ್ತಿದ್ದುದು ಒಂದೇ ಮಾತು: "ಮೊದ್ಲು ಅರ್ತಿಂಗ್ ನೋಡೋಣ." ಹೆಡ್‌ಲೈಟ್ ಮಂಕಾದರೂ ಅದೇ, ಹಾರ್ನಿಗೆ ಗಂಟಲು ಕಟ್ಟಿದರೂ ಅದೇ. ಹಾಗಾಗಿ ಬೀದಿಯವರು ಅವನಿಗೆ ಅರ್ತಿಂಗಣ್ಣ ಎಂದು ಹೆಸರಿಟ್ಟು, ಅಪ್ಪ ಅಮ್ಮ ಇಟ್ಟಿದ್ದನ್ನು ಮರೆತೇಬಿಟ್ಟಿದ್ದರು. ಅವನಿಗೂ ಅದರಿಂದ ಬೇಜಾರೇನೂ ಇರಲಿಲ್ಲ.

ಆ ಬೆಳಗ್ಗೆ ಅಕ್ಕ ಹೇಳಿಕಳಿಸಿದ್ದಳು. ಭಾವ ತೀರಿಕೊಂಡ ಮೇಲೆ ಅವರ ಕಾರು ಶೆಡ್ಡಿನಲ್ಲೇ ನಿಂತಿತ್ತು. ಈಗ ಹೊರಗೆ ತೆಗೆಯೋಣವೆಂದರೆ ಹಿಂದಿನ ಎಡಚಕ್ರ ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ.

"ಸಂಜೆ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಸರಿಹೋದ್ರೆ ನಾನೇ ಓಡಿಸ್ತೀನಿ. ಇಲ್ಲಾಂದ್ರೆ ತಗೊಂಡು ಹೋಗ್ಲಿ. ಹೀಗೆ ನಿಂತಿರೋದನ್ನ ದಿನಾ ನೋಡಕ್ಕಾಗಲ್ಲ ಕಣೋ," ಎಂದಳು.

ಆ ಕಾರೆಂದರೆ ಅವನಿಗೂ ಪ್ರಾಣ. ಸ್ಕ್ರೂಡ್ರೈವರ್ ಹಿಡಿಯಲು ಕಲಿತದ್ದೇ ಅದರ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ. ಭಾವನಿಗೆ ಹಾಡಿನ ಹುಚ್ಚು. ಹಿಂದಿನ ಸೀಟಿನಡಿ ತಾವೇ ಒಂದು ಆಂಪ್ಲಿಫೈಯರ್ ಕೂರಿಸಿದ್ದರು. ಅಂದಿನಿಂದ ಹಾಡಿನ ಜೊತೆಗೆ ಗುಯ್ ಎನ್ನುವ ಸದ್ದೊಂದು ಸೇರಿಕೊಂಡಿತು. ಎಂಜಿನ್ ಏರಿದಂತೆ ಅದೂ ಏರುತ್ತಿತ್ತು. ಅರ್ತಿಂಗ್ ಸರಿಯಿಲ್ಲ, ಸರಿಮಾಡುತ್ತೇನೆ ಎಂದರೆ ಆ ಮೊಂಡು ಮನುಷ್ಯ ಬಿಡಬೇಕಲ್ಲ. "ನನ್ನ ಕೆಲಸಕ್ಕೆ ಕೈ ಹಾಕ್ಬೇಡಪ್ಪ. ಅದನ್ನ ಶ್ರುತಿ ಅಂದ್ಕೋ," ಎಂದು ನಗುತ್ತಿದ್ದರು.

ಅರ್ತಿಂಗಣ್ಣ ಚಕ್ರ ಬಿಚ್ಚಿದ. ಹ್ಯಾಂಡ್‌ಬ್ರೇಕ್ ಇಳಿಸಿದ್ದರೂ ಅದರ ಕೇಬಲ್ ಹಿಂದೆ ಸರಿಯದೆ ಚಕ್ರವನ್ನು ಹಿಡಿದುಕೊಂಡಿತ್ತು. ಕೇಬಲ್ಲಿನ ಜಾಡು ಹಿಡಿದು ಸೀಟು ಎತ್ತಿದವನು ಹಾಗೇ ಕೂತುಬಿಟ್ಟ. ಆಂಪ್ಲಿಫೈಯರಿನಿಂದ ಕರೆಂಟು ವಾಪಸಾಗುವ ಅರ್ತಿಂಗ್ ವೈರನ್ನು ಭಾವ ಕಾರಿನ ತಗಡಿಗೆ ಕೊಡುವುದು ಬಿಟ್ಟು, ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಕ್ಲಾಂಪಿಗೆ ಬಿಗಿದಿದ್ದರು. ಆಗಿನ್ನೂ ಹೊಸತಾಗಿದ್ದ ಕಾರಿನ ಬಣ್ಣ ಕೆರೆದು ಬರಿ ತಗಡಿಗೆ ಕೊಡಲು ಮನಸ್ಸು ಬಂದಿರಲಿಕ್ಕಿಲ್ಲ. ಕ್ಲಾಂಪಿಗೆ ತುಕ್ಕು ಹಿಡಿದ ಮೇಲೆ ಕರೆಂಟು ಕೇಬಲ್ಲಿನಲ್ಲೇ ಹರಿದು, ಅದು ಕಾದು ಕಾದು, ಒಳಗಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು.

"ಯಾರಾದ್ರೂ ಬ್ರೇಕಿಗೆ ಅರ್ತಿಂಗ್ ಕೊಡ್ತಾರಾ ಭಾವ?" ಎಂದು ಖಾಲಿ ಸೀಟನ್ನು ಕೇಳಿದ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಹೊಸ ಕೇಬಲ್ ತಂದು ಹಾಕಿದ. ಬಣ್ಣ ಕೆರೆದು, ಬರಿ ತಗಡಿಗೆ ವೈರು ಬಿಗಿದ. ಚಕ್ರ ಬೆರಳಲ್ಲಿ ತಳ್ಳಿದರೆ ತಿರುಗಿತು. ಎಂಜಿನ್ ಚಾಲೂ ಮಾಡಿ ಹಾಡು ಹಾಕಿದರೆ ತಿಳಿನೀರಿನಂಥ ದನಿ. ಗುಯ್ ಎನ್ನುವುದರ ಸುಳಿವೇ ಇಲ್ಲ.

ಅಕ್ಕ ಬಂದು ಸ್ಟಿಯರಿಂಗ್ ಹಿಡಿದು ಕೂತಳು, ಗೇರಿಗೆ ಕೈ ಹಾಕಲಿಲ್ಲ.

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅವರು ಗಾಜು ಇಳಿಸ್ಕೊಂಡು ಬರೋರು. ತಿರುವಿನಲ್ಲಿ ಗುಯ್ ಅಂದ್ರೆ ಸಾಕು, ನಾನು ಊಟಕ್ಕೆ ತಟ್ಟೆ ಇಡ್ತಿದ್ದೆ. ಈಗ ಇದು ಯಾರದೋ ಕಾರು. ಗುಜರಿಯವನು ಬಂದ್ರೆ ಒಯ್ಲಿ ಬಿಡು."

ಜೀವಮಾನವೆಲ್ಲ ಊರಿನ ಕಾರುಗಳಿಂದ ಆ ಸದ್ದನ್ನು ಓಡಿಸಿದ ಅರ್ತಿಂಗಣ್ಣ ಮತ್ತೆ ಸೀಟು ಎತ್ತಿದ. ವೈರು ಬಿಚ್ಚಿ, ಬ್ರೇಕಿನ ಗೊಡವೆಗೆ ಹೋಗದಂತೆ ದೂರದ ಬೋಲ್ಟೊಂದಕ್ಕೆ, ಬೇಕೆಂದೇ ಬಣ್ಣ ಕೆರೆಯದೆ ಬಿಗಿದ.

ಗುಜರಿಯವನು ಗೇಟಿನ ಹತ್ತಿರ ಬರುವಷ್ಟರಲ್ಲಿ ಕಾರು ಗುಯ್ ಎನ್ನುತ್ತ ಅವನನ್ನು ದಾಟಿ ಹೊರಟಿತ್ತು. ಅಕ್ಕ ಗಾಜು ಇಳಿಸಿದ್ದಳು.